ಮಹದೇವಪ್ಪ ಮೇಷ್ಟ್ರ ಹೆಬ್ಬೆರಳು

ಮಹದೇವಪ್ಪ ಮೇಷ್ಟ್ರ ಬಲಗೈ ಹೆಬ್ಬೆರಳಿಗೆ ಹೆದರದವರು ಕುವೆಂಪುನಗರದ ನಮ್ಮ ಪಾರ್ಕಿನ ಸುತ್ತಮುತ್ತ ಯಾರೂ ಇರಲಿಲ್ಲ. ಮುಷ್ಟಿ ಕಟ್ಟಿ, ಹೆಬ್ಬೆರಳನ್ನಷ್ಟೇ ಎತ್ತಿ, ಭುಜದ ಮೇಲಿಂದ ಹಿಂದಕ್ಕೆ ಒಮ್ಮೆ ಒಗೆದು 'ಔಟ್' ಅನ್ನುತ್ತಿದ್ದರು. ಕೂಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಹಾಲಿನ ಬೂತಿನ ಸಾಲಿನಲ್ಲಿ ಮಧ್ಯೆ ನುಗ್ಗಿದವನು ಔಟ್. ಒನ್ ವೇಯಲ್ಲಿ ಎದುರಿಂದ ಸ್ಕೂಟರ್ ತಂದವಳು ಔಟ್. ಒಂದು ಮದುವೆಮನೆಯಲ್ಲಿ, ಮೊದಲ ಪಂಕ್ತಿಯಲ್ಲಿ ಉಂಡು ಮತ್ತೆ ಎರಡನೇ ಪಂಕ್ತಿಗೂ ಕೂತಿದ್ದ ಬೀಗರನ್ನು ಎಲೆಯ ಮುಂದೆಯೇ ಔಟ್ ಮಾಡಿಬಿಟ್ಟರು. ಅವತ್ತು ಅವರ ಹೆಂಡತಿ ಪಾರ್ವತಮ್ಮ ಆಟೋ ಹತ್ತಿ ಒಬ್ಬರೇ ಮನೆಗೆ ಬಂದರಂತೆ.

ಪಾರ್ಕಿನ ಎದುರಿಗೇ ನನ್ನ ಮೆಡಿಕಲ್ ಸ್ಟೋರ್. ಅಂಗಡಿ ಮುಂದಿನ ಕಲ್ಲುಬೆಂಚು ಮೇಷ್ಟ್ರ ಖಾಯಂ ಜಾಗ. ಡಾಕ್ಟರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೇಳಿದವರಿಗೆ ನಾನು ನಯವಾಗಿ ಇಲ್ಲ ಅನ್ನುವಷ್ಟರಲ್ಲಿ ಅಲ್ಲಿಂದ ಹೆಬ್ಬೆರಳು ಎದ್ದಿರುತ್ತಿತ್ತು. 'ಸರ್, ನೀವು ಹೀಗೆ ಮಾಡಿದ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ಬೇಕಾಗುತ್ತೆ' ಅಂದರೆ, 'ಮುಚ್ಚು ಕಣಮ್ಮ, ನಾನು ನೆರಳಲ್ಲಿ ಕೂತಿರ್ತೀನಿ' ಅನ್ನುತ್ತಿದ್ದರು. ಇಂಥವರಿಗೆ ಏನು ಹೇಳೋದು?

ನನಗೆ ಆ ಹೆಬ್ಬೆರಳು ಹೊಸದೇನಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅವರೇ ನಮ್ಮ ಪಿ.ಟಿ. ಮೇಷ್ಟ್ರು. ಬೇರೆ ಶಾಲೆಯವರು ಥ್ರೋಬಾಲು, ಕೊಕ್ಕೋ ಅಂತ ಮರ್ಯಾದೆಯಾಗಿದ್ದರೆ ನಮ್ಮ ಮೇಷ್ಟ್ರಿಗೆ ಸಾಫ್ಟ್‌ಬಾಲ್ ಹುಚ್ಚು. ಅಮೆರಿಕದವರ ಬೇಸ್‌ಬಾಲಿಗೆ ಇದು ತಂಗಿ ಅನ್ನಿ. ಬ್ಯಾಟು ಬೀಸಬೇಕು, ನೆಲದ ಮೇಲೆ ಗುರುತಿಟ್ಟ ಮೂರು ಬೇಸುಗಳನ್ನು ಮುಟ್ಟಿಕೊಂಡು ಹೊರಟ ಜಾಗಕ್ಕೇ ಓಡಿ ಬರಬೇಕು. ಒಂದು ವರ್ಷ ಫೈನಲ್ ತನಕ ಹೋದೆವು. ಅಂಪೈರು ಬರಲಿಲ್ಲ. ಎದುರು ಶಾಲೆಯವರೇ 'ಮಹದೇವಪ್ಪ ಮೇಷ್ಟ್ರು ನಿಂತ್ಕೊಳ್ಳಲಿ ಬುಡಿ, ನಮ್ದೇನೂ ತಕರಾರಿಲ್ಲ' ಅಂದರು. ಆಗಲೇ ನಮಗೆ ಅನುಮಾನ ಬರಬೇಕಿತ್ತು. ಗೆಲ್ಲಲು ಒಂದೇ ಓಟ ಬೇಕಿದ್ದಾಗ ನಾನು ಜಾರಿ ಬಿದ್ದು, ಲಂಗದ ತುಂಬ ಮಣ್ಣು ಮಾಡಿಕೊಂಡು ಬೇಸು ಮುಟ್ಟಿದೆ. ತಲೆಯೆತ್ತಿ ನೋಡಿದರೆ ನಮ್ಮ ಮೇಷ್ಟ್ರ ಹೆಬ್ಬೆರಳು ಭುಜದ ಹಿಂದೆ ಹೋಗಿತ್ತು.

'ಸರ್, ನಾನು ನಿಮ್ಮ ಸ್ಕೂಲಿನವಳೇ ಅಲ್ವಾ?' ಅಂತ ಅಳುತ್ತಾ ಕೇಳಿದ್ದೆ.

'ಬೇಸಿಗೆ ಅದೆಲ್ಲ ಗೊತ್ತಿರಲ್ಲ ಕಣಮ್ಮ ಶೈಲಾ. ಚೆಂಡು ನಿನಗಿಂತ ಮುಂಚೆ ಬಂತು. ಅಂಪೈರ್ ಔಟ್ ಅಂದ್ಮೇಲೆ ಬಾಯಿ ಮುಚ್ಕೊಂಡು ಈಚೆಗೆ ನಡೀಬೇಕು. ಅಳೋದಾದ್ರೆ ಗೆರೆ ದಾಟಿ ಅಳು.'

ಗೆರೆ ದಾಟಿ ಅತ್ತೆ. ಮೇಷ್ಟ್ರು ಬಂದು ಪಕ್ಕದಲ್ಲಿ ಕೂತು, ಅಳು ಮುಗಿಯುವ ತನಕ ಸುಮ್ಮನಿದ್ದು, ಆಮೇಲೆ ಕಬ್ಬಿನ ಹಾಲು ಕುಡಿಸಿದರು. ಅವತ್ತಿನ ಸಿಟ್ಟು ನನಗಿನ್ನೂ ಪೂರ್ತಿ ಹೋಗಿಲ್ಲ. ಅವರ ಮೇಲಿನ ಪ್ರೀತಿಯೂ ಅವತ್ತೇ ಶುರುವಾದದ್ದು.

ನಿವೃತ್ತರಾದ ಮೇಲೆ ಮೇಷ್ಟ್ರಿಗೆ ಮಗ ಒಂದು ದೊಡ್ಡ ಫೋನು ಕೊಡಿಸಿದ. ಅದರಲ್ಲಿ ಅಮೆರಿಕದ ಬೇಸ್‌ಬಾಲ್ ಸಿಗುತ್ತದೆ ಅಂತ ಗೊತ್ತಾದದ್ದೇ ತಡ, ಅವರ ದಿನಚರಿಯೇ ಬದಲಾಯಿತು. ಅಲ್ಲಿ ಸಂಜೆ ಆಡಿದ್ದು ಇಲ್ಲಿ ಬೆಳಗಿನ ಹೊತ್ತು. ಸ್ನಾನ, ಶಿವಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ನಾನು ಷಟರ್ ಎತ್ತುವ ಹೊತ್ತಿಗೆ ಬೆಂಚಿನ ಮೇಲೆ ಫೋನು ಹಿಡಿದು ಕೂತಿರುತ್ತಿದ್ದರು. ಪಕ್ಕದಲ್ಲಿ ಜವರೇಗೌಡ್ರು. ಗೌಡ್ರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಭಾರೀ ಆಳು, ಭಾರೀ ಗಂಟಲು, ಒಂದು ಮೊಣಕಾಲು ಮಾತ್ರ ಕೈಕೊಟ್ಟಿತ್ತು. ಆಟ ತಿಳಿಯದಿದ್ದರೂ ವಾದ ಮಾಡೋಕೆ ಬರುತ್ತಿದ್ದರು.

ವಾದಕ್ಕೆ ವಸ್ತು ಸ್ಟಿರಾಯ್ಡ್. ಒಂದು ಕಾಲದಲ್ಲಿ ಅಲ್ಲಿನ ದೊಡ್ಡ ದೊಡ್ಡ ಆಟಗಾರರು ಸ್ಟಿರಾಯ್ಡ್ ತೆಗೆದುಕೊಂಡು, ತೋಳು ದಪ್ಪ ಮಾಡಿಕೊಂಡು, ಚೆಂಡನ್ನು ಊರಾಚೆ ಹೊಡೆದು ದಾಖಲೆ ಮಾಡಿದರಂತೆ. ಜನ ಕಿಕ್ಕಿರಿದು ಬರುತ್ತಾರೆ ಅಂತ ತಂಡದ ಯಜಮಾನರೆಲ್ಲ ಕಂಡೂ ಕಾಣದ ಹಾಗಿದ್ದು, ತುಂಬ ತಡವಾಗಿ ಪರೀಕ್ಷೆ, ಶಿಕ್ಷೆ ಅಂತ ಎದ್ದರಂತೆ. ಮಹಾ ಆಟಗಾರರ ಹೆಸರು ಇಡಲು ಅಲ್ಲೊಂದು ಭವನವಿದೆ. ಮೇಷ್ಟ್ರು ಅದನ್ನು 'ಗೌರವದ ಮನೆ' ಅನ್ನುತ್ತಿದ್ದರು. ಅದರೊಳಕ್ಕೆ ಈ ಜನರನ್ನು ಬಿಡಬೇಕೋ ಬೇಡವೋ ಅನ್ನುವುದು ಅಮೆರಿಕದಲ್ಲಿ ತೀರ್ಮಾನವಾಗಿರಲಿಲ್ಲ. ಕುವೆಂಪುನಗರದಲ್ಲೂ ಆಗಿರಲಿಲ್ಲ.

'ಮಾತ್ರೆ ತಿಂದ್ರೆ ಬಾಲು ತಾನಾಗೇ ಬಂದು ಬ್ಯಾಟಿಗೆ ತಗುಲ್ತದಾ ಮೇಷ್ಟ್ರೇ? ಹೊಡದದ್ದು ಅವನ ಕೈ ತಾನೇ?' ಇದು ಗೌಡ್ರ ಮೊದಲ ಪಾಯಿಂಟು.

'ತಗುಲಿಸೋದು ಕೈ ಗೌಡ್ರೇ, ಬೇಲಿ ದಾಟ್ಸೋದು ಮಾತ್ರೆ.'

'ಆಗ ಎಲ್ಲಾರೂ ತಿಂತಿದ್ರಂತೆ ಕಣ್ರೀ. ಎಲ್ಲಾರೂ ತಿಂದ್ ಮ್ಯಾಲೆ ಅದು ಪ್ರಸಾದ.'

'ತಿನ್ನದೇ ಇದ್ದವನೂ ಒಬ್ಬ ಇದ್ದಿರ್ತಾನಲ್ಲ. ಅವನಿಗೆ ಯಾವ ಪ್ರಸಾದ ಕೊಡ್ತೀರಿ?'

'ಆಗ ರೂಲ್ಸು ಗಟ್ಟಿಯಾಗಿರ್ಲೇ ಇಲ್ಲ ಅಂತ ನೀವೇ ಅಂದ್ರಿ. ಇಲ್ದೇ ಇರೋ ರೂಲ್ಸ್ನ ಮುರಿಯೋದು ಎಂಗೆ?'

ಇಲ್ಲಿಗೆ ಬಂದರೆ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುತ್ತಿದ್ದರು. 'ನನಗೆ ಸಿಟ್ಟು ತಿಂದವನ ಮೇಲಲ್ಲ ಗೌಡ್ರೇ. ಹೆಬ್ಬೆರಳು ಎತ್ತಬೇಕಾದವನು ಜೇಬಲ್ಲಿ ಕೈ ಇಟ್ಕೊಂಡು ನಿಂತಿದ್ದನಲ್ಲ, ಅವನ ಮೇಲೆ. ಈಗ ನೋಡಿ, ದಾಖಲೆಯಲ್ಲಿ ಹೆಸರಿದೆ, ಗೌರವದ ಮನೇಲಿ ಇಲ್ಲ. ಹೊಸಿಲ ಮೇಲೆ ನಿಲ್ಲಿಸಿ ಊಟ ಹಾಕಿದ ಹಾಗೆ.' ಅಷ್ಟು ಹೊತ್ತಿಗೆ ನಾನು ಇಬ್ಬರಿಗೂ ಕಾಫಿ ತರಿಸುತ್ತಿದ್ದೆ. ಕಾಫಿ ಕುಡಿದು ಮತ್ತೆ ಮೊದಲ ಪಾಯಿಂಟಿನಿಂದ ಶುರು ಮಾಡುತ್ತಿದ್ದರು.

ಪಾರ್ಕಿಗೆ ಎರಡು ಗೇಟು. ದೇವಸ್ಥಾನದ ಗೇಟಿನಿಂದ ಬರುವವರು, ನೀರಿನ ಟ್ಯಾಂಕಿನ ಗೇಟಿನಿಂದ ಬರುವವರು ಅಂತ ವಾಕಿಂಗ್ ಸಂಘದಲ್ಲೇ ಎರಡು ಪಂಗಡ. ಇಬ್ಬರಿಗೂ ವರ್ಷಕ್ಕೊಮ್ಮೆ ಸಾಫ್ಟ್‌ಬಾಲ್ ಪಂದ್ಯ ಇಟ್ಟದ್ದು ಮೇಷ್ಟ್ರೇ, ಅಂಪೈರೂ ಅವರೇ. ಆಡುವವರೆಲ್ಲ ಅರವತ್ತು ದಾಟಿದವರು. ಓಡಲಾಗದವರು ಬಿರುಸಾಗಿ ನಡೆಯಬಹುದು ಅಂತ ವಿನಾಯಿತಿ. ಆಯಾ ವರ್ಷ ಅತಿ ದೂರ ಹೊಡೆದವರ ಹೆಸರನ್ನು ಮಾಲಿಯ ಕೋಣೆ ಗೋಡೆಯ ಹಸಿರು ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಿದ್ದರು. ನಗಬೇಡಿ. ಹೈಕೋರ್ಟಿನ ತನಕ ಕೇಸು ನಡೆಸಿ ಗೆದ್ದವರೊಬ್ಬರು ನಮ್ಮ ಸಂಘದಲ್ಲಿದ್ದಾರೆ. ಅವರಿಗೂ ಜೀವನದಲ್ಲಿ ಉಳಿದಿದ್ದ ಆಸೆ ಆ ಬೋರ್ಡಿನ ಮೇಲೆ ಹೆಸರು ಬರುವುದು.

ಅಮೆರಿಕದ ಗಲಾಟೆ ನೋಡಿ ನೋಡಿ ಮೇಷ್ಟ್ರು ನಮ್ಮ ಪಂದ್ಯಕ್ಕೂ ಒಂದು ನಿಯಮ ತಂದರು. 'ಯಾವುದೇ ರೂಪದ ಸ್ಟಿರಾಯ್ಡ್ ಸೇವಿಸಿ ಮೈದಾನಕ್ಕಿಳಿಯುವವರು ಯಾರೇ ಆಗಲಿ, ಔಟ್. ಔಟಾದವರ ಹೆಸರು ಬೋರ್ಡಿಗೆ ಏರತಕ್ಕದ್ದಲ್ಲ.' ಸಭೆಯಲ್ಲಿ ಓದಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚ್ಯವನಪ್ರಾಶ ತಿನ್ನಬಹುದೇ ಅಂತ ಒಬ್ಬರು, ಮೊಳಕೆ ಹುರುಳಿಕಾಳಿನ ಬಸ್ಸಾರು ಉಂಡು ಬರಬಹುದೇ ಅಂತ ಇನ್ನೊಬ್ಬರು. ಮೇಷ್ಟ್ರು ಒಂದೊಂದಕ್ಕೂ ಗಂಭೀರವಾಗಿ ಉತ್ತರ ಕೊಟ್ಟರು. ಚ್ಯವನಪ್ರಾಶ ಸರಿ, ಬಸ್ಸಾರೂ ಸರಿ. ಅಶ್ವಗಂಧದ ಬಗ್ಗೆ ನನ್ನನ್ನು ಕರೆದು ವಿಚಾರಿಸಿ, ಅದೂ ಸರಿ ಅಂದರು. ಕೊನೆಗೆ ಕೈಯೆತ್ತಿ ಒಪ್ಪಿಗೆ ಕೊಟ್ಟವರಲ್ಲಿ ಎಲ್ಲರಿಗಿಂತ ಎತ್ತರದ ಕೈ ಜವರೇಗೌಡ್ರದು.

ಆ ವರ್ಷದ ಪಂದ್ಯದಲ್ಲಿ ಟ್ಯಾಂಕಿನ ಗೇಟಿನ ಕ್ಯಾಪ್ಟನ್ ಜವರೇಗೌಡ್ರು ಬೀಸಿದ ಬ್ಯಾಟಿಗೆ ಸಿಕ್ಕ ಚೆಂಡು ಪಾರ್ಕಿನ ಬೇಲಿ ದಾಟಿ, ರಸ್ತೆ ದಾಟಿ, ಎದುರುಮನೆ ತಾರಸಿಯಲ್ಲಿ ಒಣಗಲು ಹಾಕಿದ್ದ ಸಂಡಿಗೆಯ ನಡುವೆ ಬಿತ್ತು. ಅಂಥ ಹೊಡೆತವನ್ನು ನಾವ್ಯಾರೂ ಕಂಡಿರಲಿಲ್ಲ. ಮನೆಯಾಕೆ ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಚೂರಾದ ಸಂಡಿಗೆ ಹಿಡಿದುಕೊಂಡು ಗೇಟಿನ ತನಕ ಬಂದವರು, ಗೌಡ್ರ ಸಂತೋಷ ನೋಡಿ ಜಗಳ ಆಡದೆ ಹೋದರು. ಗೌಡ್ರು ಕುಂಟದೆ, ನಡೆಯದೆ, ನಿಜವಾಗಿಯೂ ಓಡಿಕೊಂಡು ಮೂರೂ ಬೇಸು ಸುತ್ತಿ ಹೊರಟ ಜಾಗಕ್ಕೆ ಬಂದಿದ್ದರು.

ಮಾರನೆಯ ದಿನ ಬೆಂಚಿನ ಮೇಲೆ ಅವರದೇ ದರ್ಬಾರು. ಮೇಷ್ಟ್ರಿಗೂ ಖುಷಿಯೋ ಖುಷಿ. 'ಗೌಡ್ರೇ, ಆ ಮೊಣಕಾಲು ಇಟ್ಕೊಂಡು ಹೆಂಗೆ ಓಡಿದ್ರಿ?' ಅಂತ ಕೇಳಿದರು.

'ಅದಾ?' ಗೌಡ್ರು ಮೊಣಕಾಲು ತಟ್ಟಿ ತೋರಿಸಿದರು. 'ಹೋದ್ ವಾರ ಡಾಕ್ಟ್ರು ಇಲ್ಲಿಗೇ ಒಂದು ಸೂಜಿ ಕೊಟ್ರು. ಅದೇನೋ ಸ್ಟಿರಾಯ್ಡಂತೆ. ನೋವು ಎಲ್ಲೋಯ್ತೋ ಗೊತ್ತೇ ಇಲ್ಲ ಕಣ್ರೀ.'

ಹೇಳಿ ಮುಗಿಸಿದ ಮೇಲೆ ಅವರಿಗೇ ಹೊಳೆಯಿತು. ಮೇಷ್ಟ್ರು ಫೋನು ಆರಿಸಿ ಜೇಬಿಗೆ ಇಟ್ಟುಕೊಂಡರು. ನಾನು ಕೌಂಟರಿನ ಹಿಂದಿನಿಂದ ಶಿವಶಿವಾ ಅಂದುಕೊಂಡೆ. ಆ ಹೆಬ್ಬೆರಳು ಮೇಲೇಳಲು ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಎದ್ದದ್ದಂತೂ ಎದ್ದಿತು.

ಬೋರ್ಡಿನ ಮೇಲೆ ಆ ವರ್ಷದ ಮುಂದೆ ಹೆಸರು ಬರೆಯಲಿಲ್ಲ. ಗೌಡ್ರು ಬೆಂಚಿಗೆ ಬರುವುದನ್ನು ಬಿಟ್ಟರು. ಮೇಷ್ಟ್ರ ಮುಖ ನೋಡಬಾರದು ಅಂತ ಪಾರ್ಕಿನಲ್ಲಿ ಉಲ್ಟಾ ದಿಕ್ಕಿನಲ್ಲಿ ನಡೆಯಲು ಶುರು ಮಾಡಿದರು. ಉಲ್ಟಾ ನಡೆದರೆ ಪ್ರತಿ ಸುತ್ತಿಗೂ ಮುಖಾಮುಖಿ ಆಗಲೇಬೇಕು ಅನ್ನುವುದು ಪಾಪ ಅವರಿಗೆ ತೋಚಿರಲಿಲ್ಲ. ಪ್ರತಿ ಸಲ ಎದುರಾದಾಗಲೂ ಒಬ್ಬರು ಮರ ನೋಡುವುದು, ಇನ್ನೊಬ್ಬರು ಚಪ್ಪಲಿ ನೋಡುವುದು. ಈ ಕಡೆ ಬೆಂಚಿನ ಮೇಲೆ ಮೇಷ್ಟ್ರು ಒಬ್ಬರೇ ಬೇಸ್‌ಬಾಲ್ ನೋಡುತ್ತಾ, ನಡುನಡುವೆ ವಾದಕ್ಕೆ ಬಾಯಿ ತೆಗೆದು, ಪಕ್ಕದಲ್ಲಿ ಯಾರೂ ಇಲ್ಲದ್ದು ಕಂಡು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನನಗೆ ಇಬ್ಬರ ಮೇಲೂ ರೇಗುತ್ತಿತ್ತು. ಅವರಿಗೆ ಕಾಫಿ ತರಿಸಿ ಕೊಡುವ ಅಭ್ಯಾಸ ನನಗೂ ಆಗಿಹೋಗಿತ್ತು ನೋಡಿ.

ಮುಂದಿನ ವರ್ಷ ಪಂದ್ಯ ಹತ್ತಿರ ಬರುತ್ತಿದ್ದ ಹಾಗೆ ಮೇಷ್ಟ್ರಿಗೆ ಉಸಿರಾಟದ ತೊಂದರೆ ಶುರುವಾಯಿತು. ನಾಲ್ಕು ಹೆಜ್ಜೆ ಇಟ್ಟರೆ ನಿಂತು ಏದುಸಿರು ಬಿಡುತ್ತಿದ್ದರು. ಡಾಕ್ಟರ ಚೀಟಿ ತಂದು ಕೌಂಟರಿನ ಮೇಲೆ ಇಟ್ಟು, 'ಯಾವ್ದು ಏನಕ್ಕೆ ಅಂತ ಹೇಳಮ್ಮ' ಅಂದರು. ಒಂದೊಂದೇ ಹೇಳುತ್ತಾ ಕೊನೆಯ ಮಾತ್ರೆಯ ಸ್ಟ್ರಿಪ್ಪಿಗೆ ಬಂದೆ. ಈ ಮನುಷ್ಯನಿಗೆ ಸುಳ್ಳು ಹೇಳುವುದು ನನ್ನ ಕೈಲಿ ಆಗುವ ಕೆಲಸವಲ್ಲ.

'ಇದು ಸ್ಟಿರಾಯ್ಡ್ ಸರ್. ಶ್ವಾಸನಾಳದ ಊತ ಇಳಿಯೋಕೆ.'

'ಹಂಗಾದ್ರೆ ಇದು ಬೇಡ. ಪಂದ್ಯ ಮುಗೀಲಿ.'

'ಸರ್, ಇದು ತೋಳು ದಪ್ಪ ಮಾಡೋ ಸ್ಟಿರಾಯ್ಡ್ ಅಲ್ಲ. ಆ ಅಮೆರಿಕದವರು ತಗೊಂಡಿದ್ದು ಬೇರೆ ಜಾತಿ, ಇದು ಬೇರೆ ಜಾತಿ.'

'ಗೌಡ್ರ ಮೊಣಕಾಲಿಗೆ ಕೊಟ್ಟಿದ್ದು ಯಾವ ಜಾತಿ?'

ಅದೂ ಇದೇ ಜಾತಿ. ಹಾಗಂತ ಹೇಳಲೇಬೇಕಾಯಿತು.

'ನೀವೇನು ಆಡೋರಲ್ಲವಲ್ಲ, ಅಂಪೈರ್ ತಾನೇ?' ಅಂತ ಇನ್ನೊಂದು ದಾರಿ ಹಿಡಿದೆ.

'ಮೈದಾನಕ್ಕಿಳಿಯುವವರು ಯಾರೇ ಆಗಲಿ ಅಂತ ಬರೆದವನು ನಾನೇ ಕಣಮ್ಮ.'

'ಬರೆದದ್ದೇ ತಪ್ಪು ಅಂತ ಒಪ್ಕೊಂಡು ತಿದ್ದಿಬಿಡಿ ಸರ್.'

ಅವರು ಕೌಂಟರು ಹಿಡಿದು ಉಸಿರು ಎಳೆದುಕೊಂಡರು. 'ತಪ್ಪಿರಬಹುದು. ಗೌಡ್ರಿಗೆ ಅನ್ಯಾಯವೂ ಆಗಿರಬಹುದು. ಆದ್ರೆ ಅವರ ಕಾಲು ನೋವಿದ್ದಾಗ ತಿದ್ದದೇ ಇದ್ದವನು, ನನ್ನ ಎದೆ ಕಟ್ಟಿದಾಗ ತಿದ್ದಿದ್ರೆ ಹೆಂಗಮ್ಮ?' ಮಿಕ್ಕ ಔಷಧಿ ತೆಗೆದುಕೊಂಡು, ಆ ಮಾತ್ರೆಯನ್ನು ನನ್ನ ಕಡೆಗೆ ತಳ್ಳಿ ಹೊರಟುಹೋದರು. ಬದುಕಿದ್ದಷ್ಟು ದಿನ ಅಂಪೈರಾಗಿಯೇ ಇರಬೇಕು ಅನ್ನುವುದೊಂದೇ ಅವರ ಆಸೆ. ಅದಕ್ಕಾಗಿ ಉಸಿರನ್ನೇ ಒತ್ತೆ ಇಡಲು ಕೂತಿದ್ದರು.

ಮೂರು ದಿನ ಬಿಟ್ಟು ಪಾರ್ವತಮ್ಮ ಅಂಗಡಿಗೆ ಬಂದರು. ಎಂದೂ ಅಳದ ಹೆಂಗಸು, ಅಂದು ಸೆರಗು ಬಾಯಿಗಿಟ್ಟುಕೊಂಡಿದ್ದರು. 'ಮಲಗಕ್ಕೇ ಆಗ್ತಿಲ್ಲ ಶೈಲಾ. ಗೋಡೆಗೆ ಒರಗಿ ಕೂತೇ ಬೆಳಗು ಮಾಡ್ತಾರೆ. ಡಾಕ್ಟ್ರು ಹಿಂಗೇ ಬಿಟ್ರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ ಅಂದ್ರು. ಮಗ ಹೇಳಿ ಸೋತ. ಮಾತ್ರೆ ಅಂದ್ರೆ ನನಗೇ ಹೆಬ್ಬೆರಳು ತೋರಿಸ್ತಾರೆ.'

ಕೌಂಟರಿನ ಆ ತುದಿಯಲ್ಲಿ ಜವರೇಗೌಡ್ರು ಮೊಣಕಾಲಿನ ಪಟ್ಟಿ ಕೊಳ್ಳಲು ನಿಂತಿದ್ದರು. ಆ ಪಟ್ಟಿಯನ್ನು ಎಳೆದು, ಬಿಟ್ಟು, ಮತ್ತೆ ಎಳೆದು, ಕೇಳಿಸಿಕೊಳ್ಳದವರ ಹಾಗೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, 'ಎಲ್ಲವ್ರೆ ಮೇಷ್ಟ್ರು?' ಅಂದರು.

'ಪಾರ್ಕಲ್ಲಿ. ಬೋರ್ಡಿನ ಹತ್ರ ಕೂತಿದಾರೆ' ಅಂದರು ಪಾರ್ವತಮ್ಮ.

ಗೌಡ್ರು ಹೊರಟ ವೈಖರಿ ನೋಡಿ ನನಗೆ ಭಯವಾಯಿತು. ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಇವತ್ತು ಕಕ್ಕಿಬಿಡುತ್ತಾರೆ ಅಂದುಕೊಂಡೆ. ಷಟರು ಅರ್ಧ ಎಳೆದು, ಪಾರ್ವತಮ್ಮನ ಕೈ ಹಿಡಿದುಕೊಂಡು ಹಿಂದೆಯೇ ಹೋದೆ.

ಮೇಷ್ಟ್ರು ಬೋರ್ಡಿನ ಕೆಳಗಿನ ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ, ತೊಡೆಗೆ ಕೈ ಊರಿ ಕೂತಿದ್ದರು. ಗೌಡ್ರು ಎದುರಿಗೆ ಹೋಗಿ ನಿಂತರು. 'ಮೇಷ್ಟ್ರೇ, ಒಂದು ಪಾಯಿಂಟು. ಅಂಪೈರಿನ ಮ್ಯಾಲೇ ದೂರು ಬಂದ್ರೆ ತೀರ್ಮಾನ ಯೋಳೋರು ಯಾರು?'

ಮೇಷ್ಟ್ರು ತಲೆ ಎತ್ತಿದರು. ಮಾತಾಡದೆ ವರ್ಷವಾಗಿದ್ದ ಮನುಷ್ಯ ಮಾತಾಡಿಸಿದ್ದಕ್ಕೆ ಕಣ್ಣು ಸ್ವಲ್ಪ ಅರಳಿತು. ಆದರೂ ಪ್ರಶ್ನೆ ನಿಯಮದ್ದು. 'ಇಬ್ರು ಕ್ಯಾಪ್ಟನ್‌ಗಳಲ್ಲಿ... ಯಾರು ಹಿರಿಯರೋ ಅವರು.'

'ಅಂದ್ರೆ ನಾನೇ ಆದೆ. ಸ್ಟಿರಾಯ್ಡ್ ಬರೆಸ್ಕಂಡಿದೀರೋ ಇಲ್ವೋ?'

'ಬರೆಸ್ಕೊಂಡಿದೀನಿ. ನುಂಗಿಲ್ಲ.'

'ಬರೆಸ್ಕಂಡ್ ಮ್ಯಾಲೆ ನುಂಗ್ದಂಗೇ ಲೆಕ್ಕ. ಮನಸ್ಸಿಲ್ದೆ ಯಾರೂ ಡಾಕ್ಟ್ರತ್ರ ಓಗಾಕಿಲ್ಲ.' ಗೌಡ್ರು ಗಂಟಲು ಸರಿಮಾಡಿಕೊಂಡು, ಎಡಗೈ ಎತ್ತಿ, ಬಸ್ಸು ನಿಲ್ಲಿಸುವವರ ಹಾಗೆ ಹೆಬ್ಬೆರಳು ಆಡಿಸಿ, 'ಔಟ್' ಅಂದರು.

ಮೇಷ್ಟ್ರು ಅವರನ್ನೇ ನೋಡಿದರು.

'ಬಲಗೈ ಗೌಡ್ರೇ' ಅಂದರು ಮೇಷ್ಟ್ರು. 'ಮುಷ್ಟಿ ಬಿಗಿಯಾಗಿರ್ಲಿ. ಭುಜದ ಮೇಲಿಂದ ಹಿಂದಕ್ಕೆ.'

ಗೌಡ್ರು ಹೇಳಿದ ಹಾಗೆ ಮತ್ತೊಮ್ಮೆ ಮಾಡಿದರು. ಈ ಸಲ ಸರಿಯಾಗಿತ್ತು. ಮೇಷ್ಟ್ರು ಒಂದು ಮಾತಾಡಲಿಲ್ಲ. ಕಟ್ಟೆ ಹಿಡಿದು ಎದ್ದು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾ, ಗೇಟು ದಾಟಿ, ರಸ್ತೆ ದಾಟಿ, ನನ್ನ ಅಂಗಡಿಯ ಬೆಂಚಿನ ಮೇಲೆ ಬಂದು ಕೂತು ಕೈ ಚಾಚಿದರು. 'ಕೊಡಮ್ಮ ಆ ಮಾತ್ರೆ. ಔಟಾದ್ಮೇಲೆ ಇನ್ನೇನು.' ಗೌಡ್ರೇ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರು. ಪಾರ್ವತಮ್ಮ ಬೀದಿಯಲ್ಲಿ ನಿಂತೇ ಶ್ರೀಕಂಠೇಶ್ವರನಿಗೆ ಕೈ ಮುಗಿದರು.

ಉಸಿರು ಹದಕ್ಕೆ ಬಂತು. ಮಾತ್ರೆಯ ಗುಣಕ್ಕೆ ಮುಖ ದುಂಡಗಾಯಿತು, ಹಸಿವು ವಿಪರೀತವಾಯಿತು. ಬೆಳಿಗ್ಗೆ ಮನೆಯಲ್ಲಿ ದೋಸೆ ತಿಂದು ಬಂದವರು ಬೆಂಚಿನ ಮೇಲೆ ಕೂತು ಮತ್ತೆ ಇಡ್ಲಿ ತರಿಸುತ್ತಿದ್ದರು. 'ಅಮೆರಿಕದವರು ಯಾಕೆ ಅಷ್ಟು ದೂರ ಹೊಡೀತಿದ್ರು ಅಂತ ಈಗ ಗೊತ್ತಾಯ್ತು ಕಣಮ್ಮ. ಬೇಗ ಮುಗಿಸಿ ಊಟಕ್ಕೆ ಹೋಗ್ಬೇಕಲ್ಲ.' ಪಕ್ಕದಲ್ಲಿ ಗೌಡ್ರು ಇದ್ದರು. ವಾದ ಮೊದಲ ಪಾಯಿಂಟಿನಿಂದ ಶುರುವಾಗಿತ್ತು.

ಆ ವರ್ಷ ಜವರೇಗೌಡ್ರೇ ಅಂಪೈರು. ಕಂಡವರಿಗೆಲ್ಲ ಹೆಬ್ಬೆರಳು ತೋರಿಸಿ ಪಂದ್ಯವನ್ನು ಹಾಳುಮಾಡಿದರು. ಮೇಷ್ಟ್ರು ಬೇಲಿಯ ಹೊರಗೆ ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಒಳಗೆ ಬನ್ನಿ ಅಂತ ಎಷ್ಟು ಕರೆದರೂ ಬರಲಿಲ್ಲ. ಸಂಜೆ, 'ನಿಯಮ ಬದಲಾಯಿಸೋಣ ಗೌಡ್ರೇ, ನಿಮ್ಮ ಹೆಸರು ಬರೆಸೋಣ' ಅಂತ ತಾವೇ ಬಾಯಿಬಿಟ್ಟು ಹೇಳಿದರು. ಅದಕ್ಕೆ ಗೌಡ್ರು, 'ಬ್ಯಾಡ ಬುಡಿ ಮೇಷ್ಟ್ರೇ. ಬರೆದಿರೋ ಹೆಸ್ರುನ ಯಾರು ಓದ್ತಾರೆ? ಖಾಲಿ ಜಾಗ ಕಂಡ್ರೆ ಇಲ್ಲಿ ಯಾಕಿಲ್ಲ ಅಂತ ಎಲ್ಲಾರೂ ಕೇಳ್ತಾರೆ. ನಾನು ಸಂಡಿಗೆ ಕತೆ ಯೋಳ್ತೀನಿ' ಅಂದರು.

ಮೇಷ್ಟ್ರು ಮತ್ತೆಂದೂ ಅಂಪೈರಾಗಿ ನಿಲ್ಲಲಿಲ್ಲ. ಔಷಧಿ ನಿಲ್ಲಿಸುವಂತಿರಲಿಲ್ಲ, ನಿಯಮವೂ ಹಾಗೇ ಉಳಿದಿತ್ತು. ಹೋದ ವರ್ಷ ಶಿವರಾತ್ರಿಗೆ ಮುಂಚೆ, ಬೆಳಗಿನ ಹೊತ್ತು ಫೋನಿನಲ್ಲಿ ಹಳೆಯ ಆಟವೊಂದನ್ನು ನೋಡುತ್ತಾ ನೋಡುತ್ತಾ ತಮ್ಮ ಮನೆಯ ಜಗಲಿಯಲ್ಲೇ ಲಿಂಗೈಕ್ಯರಾದರು. ಹಿಂದಿನ ದಿನ ನನ್ನ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪಿಗೆ ಚೌಕಾಸಿ ಮಾಡುತ್ತಿದ್ದ ಒಬ್ಬನನ್ನು ಔಟ್ ಮಾಡಿ ಕಳಿಸಿದ್ದರು.

ಸಂಘದವರು ಸಂತಾಪ ಸಭೆ ಸೇರಿ, ಬೋರ್ಡಿನ ಮೇಲ್ತುದಿಯಲ್ಲಿ ದಪ್ಪಕ್ಷರದಲ್ಲಿ ಮೇಷ್ಟ್ರ ಹೆಸರು ಬರೆಸೋಣ ಅಂತ ತೀರ್ಮಾನಕ್ಕೆ ಬಂದರು. ಎಲ್ಲರೂ ಕೈಯೆತ್ತಿದರು. ಜವರೇಗೌಡ್ರು ಮಾತ್ರ ಎದ್ದು ನಿಂತರು.

'ಬರೆಯಂಗಿಲ್ಲ' ಅಂದರು. 'ಔಟಾದವರ ಹೆಸ್ರು ಬೋರ್ಡಿಗೆ ಏರತಕ್ಕದ್ದಲ್ಲ. ಔಟ್ ಕೊಟ್ಟೋನು ನಾನು.'

ಸಭೆಯಲ್ಲಿ ಗದ್ದಲವೆದ್ದಿತು. ಸತ್ತವರ ಮೇಲೂ ಹಗೆಯಾ ಅಂತ ಒಬ್ಬರು ಅಂದೇಬಿಟ್ಟರು. ಮುಂದಿನ ಸಾಲಿನಲ್ಲಿ ಪಾರ್ವತಮ್ಮ ಕೂತಿದ್ದರು. ಅವರು ತಿರುಗಿ ಗೌಡ್ರನ್ನು ನೋಡಿ, 'ಗೌಡ್ರು ಹೇಳೋದು ಸರಿ. ಬರೆಸಿದ್ರೆ ಅವರು ಒಪ್ತಿರಲಿಲ್ಲ' ಅಂದರು. ಮೇಲ್ತುದಿಯ ಜಾಗವನ್ನು ಹಾಗೇ ಖಾಲಿ ಬಿಡುವುದು ಅಂತಾಯಿತು.

ಸಭೆ ಮುಗಿಯುವ ಮುಂಚೆಯೇ ಗೌಡ್ರು ಕುಂಟುತ್ತಾ ಹೊರಟರು. ನಾನೂ ಎದ್ದು ಬಂದೆ. ಗೇಟಿನ ಹತ್ತಿರ ಮುಖ ನೋಡಿದರೆ ತುಟಿ ಅದುರುತ್ತಿತ್ತು. 'ಗೌಡ್ರೇ, ಇಲ್ಲೇ ಸ್ವಲ್ಪ ಕೂತ್ಕೊಳಿ' ಅಂದೆ. ಅವರು ತಲೆ ಆಡಿಸಿ, ಗೇಟು ದಾಟಿ, ರಸ್ತೆ ದಾಟಿ, ಬೆಂಚಿನ ಮೇಲೆ ಮೇಷ್ಟ್ರ ಜಾಗ ಬಿಟ್ಟು ಪಕ್ಕದಲ್ಲಿ ಕೂತು, ಆಮೇಲೆ ಅತ್ತರು. ನಾನು ಅಳು ಮುಗಿಯುವ ತನಕ ಸುಮ್ಮನಿದ್ದು, ಕಾಫಿ ಹೇಳಿದೆ. ಬಾಯಿತಪ್ಪಿ ಎರಡು ಹೇಳಿದ್ದೆ. ಒಂದನ್ನು ನಾನು ಕುಡಿದೆ.